ರಿಪೋರ್ಟಿನಲ್ಲಿ ಸ್ಟಾರ್ ಇಲ್ಲ ಅಂದ್ರೆ ಎಲ್ಲ ಸರಿ ಅಂತಾನಾ?

ಸಕ್ಕರೆ ಕಾಯಿಲೆ ಇರುವವರ ರಕ್ತಪರೀಕ್ಷೆಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬರೀ ಲ್ಯಾಬ್ ರಿಪೋರ್ಟಿನ ಫೋಟೊ, ಕೆಳಗೆ ಒಂದೇ ಸಾಲು: "ಇದು ನಾರ್ಮಲ್ಲಾ ಡಾಕ್ಟ್ರೇ?" ಮೊದಲ ಹಾಳೆಯಲ್ಲಿರುವ ಶುಗರ್ ಅಂಕಿಯನ್ನು ಎಲ್ಲರೂ ನೋಡಿದ್ದಾರೆ. ಎರಡನೇ, ಮೂರನೇ ಹಾಳೆಯನ್ನು ತಿರುಗಿಸಿದವರು ಕಡಿಮೆ. ಟೈಪ್ 2, ಅಂದರೆ ಹೆಚ್ಚಿನವರಿಗೆ ಬರುವ ಬಗೆಯ ಸಕ್ಕರೆ ಕಾಯಿಲೆ ಇರುವವರ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ಹೃದಯ ಮತ್ತು ರಕ್ತನಾಳದ ತೊಂದರೆ, ಅದರ ಸುಳಿವೆಲ್ಲ ಇರುವುದು ಆ ಹಿಂದಿನ ಹಾಳೆಗಳಲ್ಲೇ. ಅದಕ್ಕೇ ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ನನಗೆ 51 ವರ್ಷ, ಕೊಬ್ಬರಿ ವ್ಯಾಪಾರ. ಎಂಟು ವರ್ಷದಿಂದ ಶುಗರ್ ಇದೆ, ಬಿಪಿ ಮಾತ್ರೆಯೂ ನಡೀತಿದೆ. ಈ ಸಲ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಟೆಸ್ಟ್) 7.1. ಒಟ್ಟು ಕೊಲೆಸ್ಟ್ರಾಲ್ 178, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 262, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 92. ಎಲ್‌ಡಿಎಲ್ ಮುಂದೆ ಸ್ಟಾರ್ ಇಲ್ಲ, 100ರ ಒಳಗಿದ್ದರೆ ಸಾಕು ಅಂತ ರಿಪೋರ್ಟಲ್ಲೇ ಇದೆ. ಆದರೂ ಡಾಕ್ಟರು ಕೊಲೆಸ್ಟ್ರಾಲ್ ಮಾತ್ರೆ ಬರೆದಿದ್ದಾರೆ. ಕರಿದಿದ್ದು ಬಿಟ್ಟು ವರ್ಷವಾಯ್ತು. ಮಾತ್ರೆ ಬೇಕೇ ಬೇಕಾ?
— ಓದುಗರು, ತಿಪಟೂರು

ಬೇಕು. ನಿಮ್ಮ ಡಾಕ್ಟರು ಸರಿಯಾಗೇ ಬರೆದಿದ್ದಾರೆ.

ಮೊದಲು ಆ ಸ್ಟಾರ್ ವಿಷಯ. ಅಂಕಿ ಮಿತಿಯ ಹೊರಗೆ ಹೋದರೆ ಲ್ಯಾಬಿನವರು ಹಾಕುವ ಗುರುತು ಅದು. ಲ್ಯಾಬಿನವರು ಅಚ್ಚು ಹಾಕುವ ಮಿತಿ ಊರಿಗೆಲ್ಲ ಒಂದೇ. ನಿಮಗೆ ಶುಗರ್ ಇದೆಯಾ, ಬಿಪಿ ಇದೆಯಾ ಅನ್ನುವುದು ಆ ಮೆಷಿನ್ನಿಗೆ ಗೊತ್ತಿಲ್ಲ. ಎಂಟು ವರ್ಷದ ಶುಗರ್, ಜೊತೆಗೆ ಬಿಪಿ ಇರುವ 51ರ ಮನುಷ್ಯನಿಗೆ ಎಲ್‌ಡಿಎಲ್ 70ರ ಒಳಗಿರಬೇಕು. ಈಗಾಗಲೇ ಹೃದಯಾಘಾತ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ 55ರ ಒಳಗೆ. ಹಾಗಾಗಿ ನಿಮ್ಮ 92 ನಿಮ್ಮ ಮಟ್ಟಿಗೆ ಜಾಸ್ತಿಯೇ.

ಇನ್ನೊಂದು ವಿಷಯ. ಆ 92 ಅಳೆದು ಬಂದ ಅಂಕಿ ಅಲ್ಲ, ಲೆಕ್ಕ ಹಾಕಿದ್ದು. ಪೆನ್ನು ತಗೊಂಡು ನೀವೇ ನೋಡಿ: 262ನ್ನು 5ರಿಂದ ಭಾಗಿಸಿದರೆ 52. ಒಟ್ಟು 178ರಲ್ಲಿ ಎಚ್‌ಡಿಎಲ್ 34 ಕಳೀರಿ, ಆಮೇಲೆ ಈ 52 ಕಳೀರಿ. 92 ಉಳಿಯಿತು, ಅಲ್ವಾ? ಇದು 1972ರಲ್ಲಿ ಫ್ರೀಡ್‌ವಾಲ್ಡ್ ಅನ್ನುವವರು ಮತ್ತು ಜೊತೆಗಾರರು ಕೊಟ್ಟ ಸೂತ್ರ, ನಮ್ಮಲ್ಲಿ ಎಷ್ಟೋ ಲ್ಯಾಬ್‌ಗಳು ಇವತ್ತಿಗೂ ಅದನ್ನೇ ಬಳಸುತ್ತವೆ. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಸೂತ್ರ ಎಡವುತ್ತದೆ, 400 ದಾಟಿದರೆ ಬಳಸಲೇಬಾರದು. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ ಅದು ಎಲ್‌ಡಿಎಲ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುವುದೇ ಹೆಚ್ಚು. ಶುಗರ್ ಇರುವವರಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ ಇರುವುದು ಮಾಮೂಲು. ಅಂದರೆ ಸರಿಯಾದ ಅಂಕಿ ಯಾರಿಗೆ ತುಂಬ ಬೇಕೋ ಅವರಿಗೇ ಸೂತ್ರ ಕೈ ಕೊಡುತ್ತದೆ.

ಇದಕ್ಕೆ ದುಡ್ಡು ಖರ್ಚಿಲ್ಲದ ದಾರಿ ಇದೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ, ಮುಗೀತು. 178ರಲ್ಲಿ 34 ಹೋದರೆ 144. ಇದನ್ನು ನಾನ್-ಎಚ್‌ಡಿಎಲ್ ಅಂತಾರೆ. ರಕ್ತನಾಳದ ಗೋಡೆಗೆ ಹೋಗಿ ಕೂರುವ ಕೊಲೆಸ್ಟ್ರಾಲ್ ಎಲ್ಲ ಈ ಒಂದು ಅಂಕಿಯಲ್ಲಿ ಬಂದುಬಿಡುತ್ತದೆ, ಟ್ರೈಗ್ಲಿಸರೈಡ್ ಎಷ್ಟೇ ಇದ್ದರೂ ಲೆಕ್ಕ ಕೆಡುವುದಿಲ್ಲ. ನಿಮಗೆ ಇದು 100ರ ಒಳಗಿರಬೇಕಿತ್ತು. ಇರುವುದು 144. ಎಷ್ಟೋ ರಿಪೋರ್ಟುಗಳಲ್ಲಿ ಈ ಸಾಲೇ ಇರುವುದಿಲ್ಲ, ಇದ್ದರೂ ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಲಿಪಿಡ್ ರಿಪೋರ್ಟಿನಲ್ಲಿ, ಅಂದರೆ ಕೊಲೆಸ್ಟ್ರಾಲ್, ಕೊಬ್ಬಿನ ರಿಪೋರ್ಟಿನಲ್ಲಿ, ನಾನು ಮೊದಲು ನೋಡುವ ಅಂಕಿ ಇದೇ.

ನೀವು ಕೊಬ್ಬರಿ ವ್ಯಾಪಾರದವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಹತ್ತು ಕ್ವಿಂಟಾಲ್ ಮಾಲನ್ನು ದೊಡ್ಡ ಚೀಲಕ್ಕೂ ತುಂಬಬಹುದು, ಸಣ್ಣ ಚೀಲಕ್ಕೂ ತುಂಬಬಹುದು. ತೂಕ ಅದೇ, ಸಣ್ಣ ಚೀಲಕ್ಕೆ ತುಂಬಿದರೆ ಚೀಲದ ಎಣಿಕೆ ಜಾಸ್ತಿ. ಎಲ್‌ಡಿಎಲ್ ಅಂಕಿ ಹೇಳುವುದು ತೂಕ ಮಾತ್ರ. ರಕ್ತನಾಳಕ್ಕೆ ಪೆಟ್ಟು ಕೊಡುವುದು ಎಣಿಕೆ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇರುವವರ ರಕ್ತದಲ್ಲಿ ಎಲ್‌ಡಿಎಲ್ ಕಣಗಳು ಸಣ್ಣ ಸಣ್ಣವು, ಸಂಖ್ಯೆಯಲ್ಲಿ ಹೆಚ್ಚು. ಅದನ್ನೇ ನೇರವಾಗಿ ಎಣಿಸಬೇಕು ಅಂದರೆ ಅಪೊ-ಬಿ ಅನ್ನುವ ಟೆಸ್ಟ್ ಇದೆ. ಅದೊಂದು ಪ್ರೋಟೀನ್, ಒಂದು ಕಣಕ್ಕೆ ಒಂದೇ ಅಪೊ-ಬಿ, ಹಾಗಾಗಿ ಎಣಿಕೆ ಪಕ್ಕಾ. 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಹೃದಯಾಘಾತಕ್ಕೆ ಎಲ್ಲಕ್ಕಿಂತ ದೊಡ್ಡ ಪಾಲು ಕೊಡುವುದು ಅಪೊ-ಬಿ ಮತ್ತು ಅಪೊ-ಎ1ರ (ಎಚ್‌ಡಿಎಲ್ ಕಣದ ಪ್ರೋಟೀನ್) ಅನುಪಾತ ಅಂತ ಅದರಲ್ಲಿ ಕಂಡಿತು. ಅದೇ ಅಧ್ಯಯನದಿಂದ ಬಂದ ಇನ್ನೊಂದು ಲೆಕ್ಕ: ಮೊದಲ ಹೃದಯಾಘಾತ ಬೇರೆ ದೇಶದವರಿಗೆ ಸರಾಸರಿ 59ರ ಹತ್ತಿರ, ಭಾರತ ಸೇರಿ ದಕ್ಷಿಣ ಏಷ್ಯಾದವರಿಗೆ 53ಕ್ಕೆ. ನಿಮಗೀಗ 51. ಹೆದರಿಸೋಕೆ ಹೇಳ್ತಿಲ್ಲ, ಮಾತ್ರೆ ಶುರು ಮಾಡೋಕೆ ಇದೇ ಸರಿಯಾದ ಹೊತ್ತು ಅಂತ ಹೇಳ್ತಿದ್ದೇನೆ.

ಕರಿದಿದ್ದು ಬಿಟ್ಟಿದ್ದು ಒಳ್ಳೇದೇ. ಆದರೆ ಟ್ರೈಗ್ಲಿಸರೈಡ್ ಏರುವುದು ಬರೀ ಎಣ್ಣೆಯಿಂದ ಅಂತ ತಿಳಿದಿದ್ದರೆ ಅದು ತಪ್ಪು. ತಟ್ಟೆ ತುಂಬ ಅನ್ನ, ಬೆಳಗ್ಗೆ ಅವಲಕ್ಕಿ, ಸಂಜೆ ಬಿಸ್ಕತ್ತು, ಅಂಗಡಿಗೆ ಬಂದವರ ಜೊತೆ ಸಕ್ಕರೆ ಹಾಕಿದ ಕಾಫಿ. ಹೀಗೆ ಹೆಚ್ಚಾಗಿ ಬಂದ ಸಕ್ಕರೆ, ಪಿಷ್ಟವನ್ನು ಲಿವರ್ರೇ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯ ಕುಡಿಯುವವರಾದರೆ ಇನ್ನೂ ಜಾಸ್ತಿ. ಮುದ್ದೆಯವರಾದರೂ ಅಷ್ಟೇ, ರಾಗಿ ಅಂತ ಎರಡು ದೊಡ್ಡ ಮುದ್ದೆ ಹೊಡೆದರೆ ಲೆಕ್ಕ ಅದೇ. ತಟ್ಟೆಯಲ್ಲಿ ಅನ್ನ ಅರ್ಧಕ್ಕಿಳಿಸಿ. ಕಾಳು, ಸೊಪ್ಪು, ಮೊಟ್ಟೆ ಅಥವಾ ಮೀನು ಹೆಚ್ಚಿಸಿ, ಊಟವಾದ ಮೇಲೆ ಒಂದು ಸುತ್ತು ನಡೀರಿ. ಮೂರು ತಿಂಗಳಲ್ಲಿ ಆ 262 ಇಳಿಯುವುದು ನಿಮಗೇ ಕಾಣುತ್ತದೆ. ಎಲ್‌ಡಿಎಲ್ ಮಾತ್ರ ಊಟದಿಂದಲೇ 70ಕ್ಕೆ ಬರುವುದು ಕಷ್ಟ, ಅದಕ್ಕೆ ಮಾತ್ರೆ.

ನನಗೆ 43. ಶುಗರ್ ಬಂದು ಎರಡು ವರ್ಷ. ಮನೆಯಲ್ಲಿ ಮೆಷಿನ್ ಇದೆ, ಬೆಳಗ್ಗೆ 105–115, ಊಟದ ನಂತರ 140ರ ಆಸುಪಾಸು. ಆದರೆ ಎಚ್‌ಬಿಎ1ಸಿ 7.9 ಬಂದಿದೆ! ಮೆಷಿನ್ ಹಾಳಾಗಿದೆಯಾ? ಹಿಮೋಗ್ಲೋಬಿನ್ 8.9 ಇದೆ, ಮುಟ್ಟಿನ ಸಮಯದಲ್ಲಿ ರಕ್ತಸ್ರಾವ ಜಾಸ್ತಿ.
— ಓದುಗರು, ಶಿರಸಿ

ನಿಮ್ಮ ಮೆಷಿನ್ ಸರಿಯಾಗೇ ಇರಬಹುದು. ನಿಮ್ಮ ಪತ್ರದ ಕೊನೇ ಸಾಲಲ್ಲೇ ಉತ್ತರ ಇದೆ.

ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ. ಸಕ್ಕರೆ ಕಾಯಿಲೆ ಇರುವವರ ರಕ್ತದಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1968ರಲ್ಲಿ ಟೆಹ್ರಾನ್‌ನಲ್ಲಿ ಸ್ಯಾಮ್ಯುಯೆಲ್ ರಹಬರ್ ಗಮನಿಸಿದರು. ಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಈ ಟೆಸ್ಟು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಾಗ ಈ ಲೆಕ್ಕ ಏರುಪೇರಾಗಿ, ಸಕ್ಕರೆ ಅಷ್ಟಿಲ್ಲದಿದ್ದರೂ ಎಚ್‌ಬಿಎ1ಸಿ ಮೇಲೆ ತೋರಿಸಬಹುದು. 7.9 ಅಂದರೆ ಸರಾಸರಿ ಸಕ್ಕರೆ 180 ಇರಬೇಕು. ನಿಮ್ಮ ಮನೆಯ ಅಂಕಿಗಳು ಅದರ ಹತ್ತಿರವೂ ಇಲ್ಲ. ಇದರ ಉಲ್ಟಾ ಕೂಡ ಆಗುತ್ತದೆ. ಈಚೆಗೆ ರಕ್ತ ಹಾಕಿಸಿಕೊಂಡವರಿಗೆ, ರಕ್ತದಾನ ಮಾಡಿದವರಿಗೆ, ಕೆಂಪುಕಣ ಬೇಗ ಒಡೆಯುವ ಕಾಯಿಲೆ ಇರುವವರಿಗೆ ಎಚ್‌ಬಿಎ1ಸಿ ಇರುವುದಕ್ಕಿಂತ ಕಡಿಮೆ ಬಂದು ಸುಳ್ಳು ಸಮಾಧಾನ ಕೊಡುತ್ತದೆ.

ಈಗಿನ ಮಟ್ಟಿಗೆ ಹೊಸ ಶುಗರ್ ಮಾತ್ರೆ ಸೇರಿಸಲು ಅವಸರ ಬೇಡ. ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಟೆಸ್ಟ್) ಮಾಡಿಸಿ, ಕಬ್ಬಿಣದ ಮಾತ್ರೆ ಶುರು ಮಾಡಿ, ಹಿಮೋಗ್ಲೋಬಿನ್ ಸುಧಾರಿಸಿದ ಮೇಲೆ ಎಚ್‌ಬಿಎ1ಸಿ ಮತ್ತೆ ನೋಡಿ. ಅಲ್ಲಿವರೆಗೂ ಮೆಷಿನ್ನಿನ ಅಂಕಿ ಬರೆದಿಡಿ. ಒಂದು ಸಲ ಲ್ಯಾಬಿನಲ್ಲಿ ರಕ್ತ ಕೊಡುವಾಗ ಅದೇ ಹೊತ್ತಿಗೆ ನಿಮ್ಮ ಮೆಷಿನ್ನಿನಲ್ಲೂ ನೋಡಿಕೊಂಡರೆ ಮೆಷಿನ್ ಮೇಲಿನ ಅನುಮಾನವೂ ಹೋಗುತ್ತದೆ. ಬೇಕಾದರೆ ಫ್ರಕ್ಟೋಸಮಿನ್ ಅನ್ನುವ ಟೆಸ್ಟ್ ಇದೆ, ಅದು ಎರಡು ಮೂರು ವಾರದ ಸರಾಸರಿ ಹೇಳುತ್ತದೆ, ಹಿಮೋಗ್ಲೋಬಿನ್ ಗೊಡವೆ ಇಲ್ಲ. ಮತ್ತೆ, ದಯವಿಟ್ಟು ಸ್ತ್ರೀರೋಗ ತಜ್ಞರನ್ನು ನೋಡಿ. 8.9 ಹಿಮೋಗ್ಲೋಬಿನ್ ಇಟ್ಟುಕೊಂಡು ಮನೆಗೆಲಸ ಎಲ್ಲ ಮಾಡಿಕೊಂಡು "ಸ್ವಲ್ಪ ಸುಸ್ತು" ಅಂತ ಸುಮ್ಮನಿರುವ ಹೆಂಗಸರು ನಮ್ಮಲ್ಲಿ ತುಂಬಾ ಜನ.

ಲಿಪಿಡ್ ಟೆಸ್ಟಿಗೆ 12 ಗಂಟೆ ಉಪವಾಸ ಇರಲೇಬೇಕಾ? ನನಗೆ ತಲೆ ಸುತ್ತುತ್ತದೆ.
— ಓದುಗರು, ಹುಬ್ಬಳ್ಳಿ

ಹೆಚ್ಚಿನವರಿಗೆ ಬೇಡ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ನಾನ್-ಎಚ್‌ಡಿಎಲ್ ತಿಂದರೂ ಹೆಚ್ಚು ಬದಲಾಗುವುದಿಲ್ಲ. ಟ್ರೈಗ್ಲಿಸರೈಡ್ 400 ದಾಟಿ ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಿಸಿ. ಇನ್ಸುಲಿನ್ ತಗೊಳ್ಳುವವರು 12 ಗಂಟೆ ಉಪವಾಸ ಕೂತು ಲ್ಯಾಬಿನ ಸಾಲಲ್ಲಿ ನಿಂತು ಬೆವರುವುದು ಬೇಡವೇ ಬೇಡ. ಟೆಸ್ಟಿಗೆ ಮೂರು ದಿನ ಮುಂಚೆ ಮಾತ್ರ ಪಥ್ಯ ಮಾಡಿ ಡಾಕ್ಟರಿಗೆ ಚೆಂದದ ರಿಪೋರ್ಟ್ ತೋರಿಸುವವರಿಗೂ ಒಂದು ಮಾತು: ಖಾಲಿ ಹೊಟ್ಟೆಯ ಶುಗರ್, ಟ್ರೈಗ್ಲಿಸರೈಡ್ ಹಾಗೆ ಇಳಿಯಬಹುದು, ಎಚ್‌ಬಿಎ1ಸಿ ಮೂರು ದಿನಕ್ಕೆಲ್ಲ ಬಗ್ಗುವುದಿಲ್ಲ.

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಲ್ಲಿರುವ ಅಪ್ಪನಿಗೆ 74, ಬೈಪಾಸ್ ಆಗಿದೆ. ಎಚ್‌ಬಿಎ1ಸಿ 5.9 ಇದೆ, ಅಪ್ಪನಿಗೆ ಅದೇ ಹೆಮ್ಮೆ. ಗ್ಲಿಮೆಪಿರೈಡ್ ದಿನಕ್ಕೆ ಎರಡು ಸಲ, ಮೆಟ್‌ಫಾರ್ಮಿನ್ ಕೂಡ ಇದೆ. ರಾತ್ರಿ ಬೆವತು ಏಳುತ್ತಾರೆ ಅಂತ ಅಮ್ಮ ಹೇಳಿದರು. ಇದು ಹೃದಯದ ತೊಂದರೆಯಾ?
— ಓದುಗರು, ನ್ಯೂಜೆರ್ಸಿ

ಮೊದಲು ಅನುಮಾನ ಪಡಬೇಕಾದ್ದು ಶುಗರ್ ಇಳಿಯುವುದನ್ನು. ಇವತ್ತು ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ, ಬೆವತಾಗ ಬೆರಳು ಚುಚ್ಚಿ ನೋಡೋಕೆ ಹೇಳಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಲಿ, 15 ನಿಮಿಷ ಬಿಟ್ಟು ಮತ್ತೆ ನೋಡಲಿ. ಅಂಕಿ ಸರಿಯಾಗಿದ್ದೂ ಬೆವರುತ್ತಿದ್ದರೆ, ಎದೆನೋವು ಅಥವಾ ಉಸಿರಾಟದ ಕಷ್ಟ ಇದ್ದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ.

5.9 ಅಂದರೆ ಸರಾಸರಿ 123. ಕೇಳೋಕೆ ಚೆನ್ನಾಗಿದೆ. ಆದರೆ ಅದು ಸರಾಸರಿ. ಮಧ್ಯಾಹ್ನ 190, ರಾತ್ರಿ 55 ಇದ್ದರೂ ಸರಾಸರಿ 123 ಆಗುತ್ತದೆ. ಗ್ಲಿಮೆಪಿರೈಡ್ ಊಟ ಮಾಡಿದ್ದೀರೋ ಬಿಟ್ಟಿದ್ದೀರೋ ಅಂತ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ವಯಸ್ಸಾದವರು ರಾತ್ರಿ ಎರಡು ಇಡ್ಲಿ, ಒಂದು ಲೋಟ ಮಜ್ಜಿಗೆಯಲ್ಲಿ ಊಟ ಮುಗಿಸಿ ಮಲಗಿಬಿಡುತ್ತಾರೆ. ಸಕ್ಕರೆ ಇಳಿದಾಗ ದೇಹ ಅಡ್ರಿನಲಿನ್ ಸುರಿಯುತ್ತದೆ, ಬೈಪಾಸ್ ಆದ ಹೃದಯಕ್ಕೆ ಅದು ಒಳ್ಳೆಯದಲ್ಲ, ಬಡಿತ ತಪ್ಪುವ ಅಪಾಯ ಇದೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಅಮೆರಿಕ, ಕೆನಡಾದಲ್ಲಿ 10,251 ಜನರ ಮೇಲೆ ಅಕಾರ್ಡ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. ಹೃದಯದ ಅಪಾಯ ಹೆಚ್ಚಿದ್ದ ಟೈಪ್ 2 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಎಚ್‌ಬಿಎ1ಸಿಯನ್ನು 6ರ ಒಳಗೆ ತರಬೇಕು ಅಂತ ಹಠ ಹಿಡಿದು ಔಷಧಿ ಕೊಟ್ಟರು. 2008ರಲ್ಲಿ ಆ ಭಾಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಹಠದ ಗುಂಪಿನಲ್ಲಿ 257 ಸಾವು, ಇನ್ನೊಂದರಲ್ಲಿ 203.

ನಿಮ್ಮ ತಂದೆಯವರಂಥವರಿಗೆ 7.5ರಿಂದ 8ರ ಒಳಗಿದ್ದರೆ ಸಾಕು. ಗ್ಲಿಮೆಪಿರೈಡ್ ಇಳಿಸುವುದೋ ನಿಲ್ಲಿಸುವುದೋ ಅವರ ಡಾಕ್ಟರ ಜೊತೆ ಈ ವಾರವೇ ಮಾತಾಡಿ, ವಿಡಿಯೊ ಕಾಲ್‌ನಲ್ಲಾದರೂ ಸರಿ. ಬೈಪಾಸ್ ಆದವರಿಗೆ ಎಂಪಾಗ್ಲಿಫ್ಲೋಜಿನ್ ಅಥವಾ ಡಾಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ಆಗುತ್ತದಾ ಅಂತ ಕೇಳಿ. ಒಂಟಿಯಾಗಿ ಕೊಟ್ಟರೆ ಅವು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. 2015ರಲ್ಲಿ ಬಂದ ಎಂಪಾ-ರೆಗ್ ಪ್ರಯೋಗದ ಫಲಿತಾಂಶದಲ್ಲಿ ಎಂಪಾಗ್ಲಿಫ್ಲೋಜಿನ್ ತಗೊಂಡವರಲ್ಲಿ ಹೃದಯದಿಂದಾಗುವ ಸಾವು 38% ಕಡಿಮೆ ಇತ್ತು. ಅಪ್ಪನ ಹೆಮ್ಮೆಗೆ ಪೆಟ್ಟು ಬೀಳದ ಹಾಗೆ ಹೇಳೋದು ನಿಮ್ಮ ಕೈಲಿದೆ!

ಅಮ್ಮನಿಗೆ 62, ಶುಗರ್ ಹದಿನಾಲ್ಕು ವರ್ಷದಿಂದ. ಕ್ರಿಯಾಟಿನಿನ್ 1.1, ನಾರ್ಮಲ್ ಅಂತ ಇದೆ. ಯೂರಿನ್ ರೂಟೀನ್‌ನಲ್ಲಿ ಪ್ರೋಟೀನ್ ನಿಲ್. ಮತ್ತೆ ಇನ್ನೊಂದು ಮೂತ್ರದ ಟೆಸ್ಟ್ ಬರೆದಿದ್ದಾರೆ. ಹೃದಯದ ಡಾಕ್ಟರು ಮೂತ್ರ ಯಾಕೆ ಕೇಳ್ತಾರೆ?
— ಓದುಗರು, ಕಲಬುರಗಿ

ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ, ಬಿಡಬೇಡಿ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ, ಅದೊಂದೇ ನೋಡಿದರೆ ಮೋಸ ಹೋಗುತ್ತೇವೆ. ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಇ-ಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಲೆಕ್ಕ ಹಾಕಬೇಕು. ಈಗ ಬಳಕೆಯಲ್ಲಿರುವ 2021ರ ಸೂತ್ರದಲ್ಲಿ 62 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.1 ಇದ್ದರೆ ಇ-ಜಿಎಫ್‌ಆರ್ ಸುಮಾರು 76 ಬರುತ್ತದೆ. ಅದೇ ವಯಸ್ಸಿನ ಹೆಂಗಸಿಗೆ, ಅದೇ 1.1ಕ್ಕೆ, ಸುಮಾರು 57. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದು ಕಿಡ್ನಿ ಕಾಯಿಲೆ ಅಂತಲೇ ಲೆಕ್ಕ. ಲ್ಯಾಬಿನ ಹಾಳೆಯಲ್ಲಿ ಇಬ್ಬರಿಗೂ "ನಾರ್ಮಲ್".

ಇನ್ನು ಆ ಮೂತ್ರದ ಟೆಸ್ಟ್. ಅದರ ಹೆಸರು ಯೂರಿನ್ ಎಸಿಆರ್, ಅಂದರೆ ಮೂತ್ರದಲ್ಲಿರುವ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಮತ್ತು ಕ್ರಿಯಾಟಿನಿನ್ ಅನುಪಾತ. ರೂಟೀನ್‌ನಲ್ಲಿ ಪಟ್ಟಿ ಅದ್ದಿ ನೋಡುವಾಗ ಪ್ರೋಟೀನ್ ಸಾಕಷ್ಟು ಹೋಗುತ್ತಿದ್ದರೆ ಮಾತ್ರ ಬಣ್ಣ ತಿರುಗುತ್ತದೆ. ಶುರುವಿನ ಸಣ್ಣ ಸೋರಿಕೆ ಅದಕ್ಕೆ ಸಿಗುವುದಿಲ್ಲ, ಎಸಿಆರ್‌ಗೆ ಸಿಗುತ್ತದೆ. 30ರ ಒಳಗೆ ಸರಿ, 30ರಿಂದ 300 ಎಚ್ಚರಿಕೆ, ಅದರ ಮೇಲೆ ಜೋರು. ಬೆಳಗಿನ ಮೊದಲ ಮೂತ್ರ ಕೊಡಿ. ಜ್ವರ, ಮೂತ್ರದ ಸೋಂಕು ಇದ್ದಾಗ ಬೇಡ, ಸುಮ್ನೆ ಜಾಸ್ತಿ ತೋರಿಸುತ್ತದೆ. ಒಂದು ಸಲ ಹೆಚ್ಚು ಬಂತು ಅಂತ ಗಾಬರಿ ಬೇಡ, ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲ ಹೆಚ್ಚಿದ್ದರೆ ಖಚಿತ.

ಹೃದಯದ ಡಾಕ್ಟರಿಗೆ ಇದು ಯಾಕೆ ಬೇಕು ಅಂದರೆ, ಕಿಡ್ನಿಯ ಆ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಪದರ ಹಾಳಾಗಿ ಅಲ್ಬುಮಿನ್ ಸೋರುತ್ತಿದೆ ಅಂದಮೇಲೆ ಹೃದಯ, ಮೆದುಳಿನ ರಕ್ತನಾಳಗಳ ಒಳಪದರವೂ ನೆಟ್ಟಗಿರುವುದು ಅನುಮಾನ. ಎಸಿಆರ್ ಏರಿದಷ್ಟೂ ಹೃದಯಾಘಾತ, ಹೃದಯದ ಸೋಲು (ಹಾರ್ಟ್ ಫೇಲ್ಯೂರ್) ಎರಡರ ಅಪಾಯವೂ ಏರುತ್ತದೆ. ನನ್ನ ಕೇಳಿದರೆ, ಶುಗರ್ ಇರುವವರಿಗೆ ಬರೆಯಬೇಕಾದ ಟೆಸ್ಟುಗಳಲ್ಲಿ ಇಷ್ಟು ಉಪಯೋಗವಾಗಿದ್ದೂ ಇಷ್ಟು ಮರೆತುಹೋಗಿರುವುದು ಬೇರೊಂದಿಲ್ಲ. ವರ್ಷಕ್ಕೊಮ್ಮೆ ಮಾಡಿಸಲೇಬೇಕು.

ಹೆಚ್ಚು ಬಂದರೆ ಮುಂದೇನು ಅನ್ನುವುದಕ್ಕೆ ಡೆನ್ಮಾರ್ಕಿನ ಸ್ಟೆನೊ-2 ಪ್ರಯೋಗ ನೋಡಿ. ಟೈಪ್ 2 ಇದ್ದು ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದ್ದ ಬರೀ 160 ಜನ. ಅರ್ಧ ಜನಕ್ಕೆ ಮಾಮೂಲು ಚಿಕಿತ್ಸೆ. ಉಳಿದರ್ಧಕ್ಕೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಊಟ, ನಡಿಗೆ, ಸಿಗರೇಟು ಬಿಡಿಸುವುದು, ಎಲ್ಲವನ್ನೂ ಒಟ್ಟಿಗೆ ಹಿಡಿದರು. ಎಂಟು ವರ್ಷದ ಹತ್ತಿರ ಕಳೆಯುವಷ್ಟರಲ್ಲಿ ಆ ಗುಂಪಿನಲ್ಲಿ ಹೃದಯದ ತೊಂದರೆಗಳು ಅರ್ಧಕ್ಕಿಳಿದಿದ್ದವು. 21 ವರ್ಷದ ನಂತರ ಲೆಕ್ಕ ಹಾಕಿದಾಗ ಅವರ ಆಯಸ್ಸು ಉಳಿದವರಿಗಿಂತ ಸುಮಾರು 7.9 ವರ್ಷ ಜಾಸ್ತಿ. ಆಗಿನ್ನೂ ಈಗಿನ ಹೊಸ ಮಾತ್ರೆಗಳು ಇರಲಿಲ್ಲ. ಈಗ ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಯ ಜೊತೆಗೆ ಡಾಪಾಗ್ಲಿಫ್ಲೋಜಿನ್ ಕೂಡ ಇದೆ, ಪೇಟೆಂಟ್ ಮುಗಿದ ಮೇಲೆ ಅದು ಕಡಿಮೆ ಬೆಲೆಗೆ ಸಿಗುತ್ತಿದೆ.

ಬೆಂಗಳೂರಿನಲ್ಲಿ ಐಟಿ ಕೆಲಸ, 36 ವರ್ಷ. ಹೋದ ವರ್ಷ ಶುಗರ್ ಬಂತು. ಅಪ್ಪ 49ಕ್ಕೆ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು. 90 ಟೆಸ್ಟಿನ "ಹೃದಯ ಪ್ಯಾಕೇಜ್" ಅಂತ ದಿನಾ ಮೆಸೇಜ್ ಬರುತ್ತೆ. ಹೋಮೋಸಿಸ್ಟೀನ್, ಸಿಆರ್‌ಪಿ, ಟ್ರೋಪೊನಿನ್, ಇನ್ಸುಲಿನ್ ಎಲ್ಲ ಇದೆ. ಮಾಡಿಸಲಾ?
— ಓದುಗರು, ಬೆಂಗಳೂರು

90ರಲ್ಲಿ ಮುಕ್ಕಾಲು ಪಾಲು ಅಂಕಿ ತುಂಬಿಸುವುದಕ್ಕೆ ಇರುವುದು. ಒಂದೇ ರಕ್ತಕಣದ ಟೆಸ್ಟನ್ನು ಇಪ್ಪತ್ತಾಗಿ ಎಣಿಸಿರುತ್ತಾರೆ.

ನಿಮಗೆ ನಿಜವಾಗಿ ಬೇಕಾದ ಒಂದು ಟೆಸ್ಟ್ ಎಷ್ಟೋ ಪ್ಯಾಕೇಜಿನಲ್ಲಿ ಇರುವುದೇ ಇಲ್ಲ: ಲಿಪೊಪ್ರೋಟೀನ್ ಲಿಟಲ್ ಎ. ಇದು ಎಲ್‌ಡಿಎಲ್‌ನಂಥದ್ದೇ ಒಂದು ಕಣ, ಹೆಚ್ಚುಕಡಿಮೆ ಪೂರ್ತಿ ವಂಶದಿಂದ ಬರುವಂಥದ್ದು. ನಾರ್ವೆಯ ಕೋರ್ ಬರ್ಗ್ 1963ರಲ್ಲಿ ಕಂಡುಹಿಡಿದರು. ಊಟ, ವ್ಯಾಯಾಮ ಯಾವುದಕ್ಕೂ ಬಗ್ಗುವುದಿಲ್ಲ, ಸ್ಟ್ಯಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆಗೂ ಇಳಿಯುವುದಿಲ್ಲ, ಅದಕ್ಕೇ ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. 50 ಎಂಜಿ, ಇನ್ನೊಂದು ಅಳತೆಯಲ್ಲಿ 125 ನ್ಯಾನೊಮೋಲ್ ದಾಟಿದ್ದರೆ ಅಪಾಯ ಹೆಚ್ಚು. ಇಳಿಸಲಾಗದ್ದನ್ನು ತಿಳಿದು ಏನು ಮಾಡೋದು ಅಂತ ಕೇಳಬಹುದು. ಅದು ಹೆಚ್ಚಿದ್ದರೆ ಎಲ್‌ಡಿಎಲ್ ಅನ್ನು ಇನ್ನೂ ಬಿಗಿಯಾಗಿ ಇಳಿಸುತ್ತೇವೆ, ಮಾತ್ರೆ ಬೇಗ ಶುರು ಮಾಡುತ್ತೇವೆ, ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಮಾಡಿಸಲು ಹೇಳುತ್ತೇವೆ. ತಂದೆ 49ಕ್ಕೇ ಹೋಗಿರುವಾಗ ನೀವು ಇದನ್ನು ಬಿಡಬಾರದು.

ಸಿಆರ್‌ಪಿ (ಮೈಯೊಳಗಿನ ಉರಿಯೂತ ತೋರಿಸುವ ಟೆಸ್ಟ್) ಮಾಡಿಸುವುದಾದರೆ ಹೈ-ಸೆನ್ಸಿಟಿವ್ ಸಿಆರ್‌ಪಿ ಅಂತ ಕೇಳಿ. 1ರ ಒಳಗೆ ಕಡಿಮೆ ಅಪಾಯ, 3ರ ಮೇಲೆ ಹೆಚ್ಚು. ನೆಗಡಿ ಆಗಿದ್ದಾಗ, ಹಲ್ಲು ನೋವಿದ್ದಾಗ ಮಾಡಿಸಬೇಡಿ. 10 ದಾಟಿದ್ದರೆ ಅದು ಬೇರೆ ಯಾವುದೋ ಸೋಂಕಿನ ಮಾತು. ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೋ ಆಮ್ಲ) ಬೇಡ. ವಿಟಮಿನ್ ಕೊಟ್ಟು ಅದನ್ನು ಇಳಿಸಿ ನೋಡಿದ್ದಾರೆ, 2006ರ ಹೋಪ್-2 ಪ್ರಯೋಗದಲ್ಲಿ ಅಂಕಿ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಅದರ ಬದಲು ಬಿ12 ನೋಡಿಸಿ, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಅದು ಕುಸಿಯುತ್ತದೆ, ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಟ್ರೋಪೊನಿನ್ ಎದೆನೋವು ಬಂದಾಗ ಎಮರ್ಜೆನ್ಸಿಯಲ್ಲಿ ಮಾಡುವ ಟೆಸ್ಟು, ಆರಾಮಾಗಿರುವವರು ಭಾನುವಾರ ಬೆಳಗ್ಗೆ ಮನೆಗೆ ಕರೆಸಿ ಮಾಡಿಸುವಂಥದ್ದಲ್ಲ. ಇನ್ಸುಲಿನ್ ಟೆಸ್ಟೂ ಸುಮ್ನೆ ಖರ್ಚು. ನಿಮ್ಮ ರಿಪೋರ್ಟಿನ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ. ಮೂರು ದಾಟಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸುಳಿವು, ಪುಕ್ಕಟೆ.

ಕೊಲೆಸ್ಟ್ರಾಲ್ ಮಾತ್ರೆ ತಗೊಂಡ್ರೆ ಶುಗರ್ ಜಾಸ್ತಿ ಆಗುತ್ತೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಲ್ಲಿಸಿಬಿಟ್ಟೆ. ವಯಸ್ಸು 58.
— ಓದುಗರು, ದಾವಣಗೆರೆ

ಅಮ್ಮಾ, ಮತ್ತೆ ಶುರು ಮಾಡಿ. ವಾಟ್ಸ್ಆ್ಯಪ್‌ನವರು ಅರ್ಧ ಕಥೆ ಹೇಳಿದ್ದಾರೆ. ಸ್ಟ್ಯಾಟಿನ್‌ನಿಂದ ಸಕ್ಕರೆ ಸ್ವಲ್ಪ ಏರುವುದು ನಿಜ. 13 ಪ್ರಯೋಗಗಳ 91,140 ಜನರ ಲೆಕ್ಕವನ್ನು 2010ರಲ್ಲಿ ಒಟ್ಟು ಮಾಡಿದಾಗ, 255 ಜನ ನಾಲ್ಕು ವರ್ಷ ಮಾತ್ರೆ ತಗೊಂಡರೆ ಒಬ್ಬರಿಗೆ ಹೊಸದಾಗಿ ಶುಗರ್ ಬರುತ್ತದೆ ಅಂತ ಕಂಡಿತು. ನಿಮಗೆ ಹೊಸದಾಗಿ ಬರುವ ಪ್ರಶ್ನೆಯೇ ಇಲ್ಲ, ಆಗಲೇ ಇದೆ. ಈಗ ಉಳಿದರ್ಧ ಕಥೆ. ಬ್ರಿಟನ್, ಐರ್ಲೆಂಡ್‌ನಲ್ಲಿ ಟೈಪ್ 2 ಇದ್ದು ಹೃದಯದ ಕಾಯಿಲೆ ಇನ್ನೂ ಬಾರದಿದ್ದ 2,838 ಜನರ ಮೇಲೆ ಕಾರ್ಡ್ಸ್ ಪ್ರಯೋಗ ನಡೆಯಿತು. ದಿನಕ್ಕೆ ಬರೀ 10 ಎಂಜಿ ಅಟೋರ್ವಾಸ್ಟಾಟಿನ್. ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು 37% ಇಳಿದವು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಎರಡು ವರ್ಷ ಮುಂಚೆಯೇ ಪ್ರಯೋಗ ಮುಗಿಸಿ 2004ರಲ್ಲಿ ಫಲಿತಾಂಶ ಹೊರತಂದರು.

ಮಾತ್ರೆ ತಗೊಂಡ ಮೇಲೆ ಎರಡೂ ತೊಡೆ, ತೋಳು ವಿಪರೀತ ನೋಯುತ್ತಿದ್ದರೆ, ಮೂತ್ರ ಕಪ್ಪಗೆ ಹೋದರೆ ಆಗ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಮೆಸೇಜ್ ನೋಡಿ ನಿಲ್ಲಿಸಬೇಡಿ. ಬೆಲೆ ಚಿಂತೆ ಇದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ, ತುಂಬಾ ಅಗ್ಗ.

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. "ಎಲ್ಲರಿಗೂ ಇರುತ್ತೆ ಬಿಡಿ" ಅಂದರು. 54 ವರ್ಷ, ಶುಗರ್ ಇದೆ, ಲಿವರ್ ಟೆಸ್ಟಿನಲ್ಲಿ ಎಎಸ್‌ಟಿ 48, ಎಎಲ್‌ಟಿ 62, ಪ್ಲೇಟ್‌ಲೆಟ್ 1.9 ಲಕ್ಷ. ಬಿಡಬಹುದಾ?
— ಓದುಗರು, ಮಂಡ್ಯ

ಬಿಡಬೇಡಿ. ಫಿಬ್-4 ಅನ್ನುವ ಲೆಕ್ಕ ಇದೆ, ವಯಸ್ಸು ಮತ್ತು ನೀವು ಬರೆದಿರುವ ಈ ಮೂರು ಅಂಕಿ ಸಾಕು, ಮೊಬೈಲ್‌ನಲ್ಲೇ ಹಾಕಬಹುದು. ನಿಮ್ಮದು 1.7 ಬರುತ್ತದೆ. 1.3ರ ಒಳಗಿದ್ದರೆ ನಿಶ್ಚಿಂತೆ, 2.67 ದಾಟಿದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ನೀವು ನಡುವೆ ಇದ್ದೀರಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಒಂದು ಫೈಬ್ರೋಸ್ಕ್ಯಾನ್ ಮಾಡಿಸಿ. ತೂಕ ಇಳಿಸಿ. ಫ್ಯಾಟಿ ಲಿವರ್ ಇರುವವರಲ್ಲೂ ಲಿವರ್‌ಗಿಂತ ಹೆಚ್ಚಾಗಿ ಜೀವ ತೆಗೆಯುವುದು ಹೃದಯದ ಕಾಯಿಲೆಯೇ, ಹಾಗಾಗಿ ಮೇಲೆ ತಿಪಟೂರಿನವರಿಗೆ ಬರೆದದ್ದನ್ನೂ ಓದಿ.

ನಿವೃತ್ತ ಮೇಷ್ಟ್ರು, 66. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತೆ, ಸಂಜೆ ಕಾಲು ಊದುತ್ತೆ, ಚಪ್ಪಲಿ ಬಿಗಿಯಾಗುತ್ತೆ. ಇಸಿಜಿ ನಾರ್ಮಲ್, ವಯಸ್ಸಾಯ್ತು ಅಂದುಕೊಂಡಿದ್ದೆ. ಎನ್‌ಟಿ-ಪ್ರೊಬಿಎನ್‌ಪಿ ಅಂತ ಒಂದು ಟೆಸ್ಟ್ ಮಾಡಿಸಿದರು, 410 ಬಂದಿದೆ. ಮೆಟ್‌ಫಾರ್ಮಿನ್, ಪಯೋಗ್ಲಿಟಾಜೋನ್, ಬಿಪಿಗೆ ಆ್ಯಮ್ಲೋಡಿಪಿನ್ ತಗೊಳ್ತಿದ್ದೇನೆ.
— ಓದುಗರು, ಚಿಕ್ಕಮಗಳೂರು

ಮೇಷ್ಟ್ರೇ, ಇದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಹೃದಯದ ಸ್ನಾಯು ಎಳೆದಂತಾದಾಗ, ಅಂದರೆ ಒಳಗೆ ಒತ್ತಡ ಹೆಚ್ಚಾದಾಗ ಈ ವಸ್ತು ರಕ್ತಕ್ಕೆ ಬರುತ್ತದೆ. ಶುಗರ್ ಇರುವವರಲ್ಲಿ 125 ದಾಟಿದರೆ ಮುಂದೆ ನೋಡಬೇಕು, ನಿಮ್ಮದು ಅದರ ಮೂರು ಪಟ್ಟು ಮೀರಿದೆ. ವಯಸ್ಸು, ಕಿಡ್ನಿ ಸೊರಗಿರುವುದು, ಬಡಿತ ತಪ್ಪುವುದು ಇವುಗಳಿಂದಲೂ ಏರುತ್ತದೆ. ದಪ್ಪಗಿರುವವರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುವುದೂ ಉಂಟು. ಆದರೆ ನಿಮಗೆ ಉಸಿರು ಕಟ್ಟುವುದು, ಕಾಲು ಊದುವುದು ಎರಡೂ ಇದೆ. ಇಸಿಜಿ ನಾರ್ಮಲ್ ಇದ್ದ ಮಾತ್ರಕ್ಕೆ ಹೃದಯದ ಸೋಲು ಇಲ್ಲ ಅಂತ ಹೇಳಲಾಗದು. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಗಬೇಕು. ಹೃದಯ ಚೆನ್ನಾಗಿ ಹಿಂಡುತ್ತಿದ್ದೂ, ಗಟ್ಟಿಯಾಗಿ ಸಡಿಲವಾಗದೆ ತೊಂದರೆ ಕೊಡುವ ಬಗೆ ಶುಗರ್, ಬಿಪಿ ಇರುವವರಲ್ಲಿ ಸಾಮಾನ್ಯ, ಹಾಗಾಗಿ ಎಕೋ ರಿಪೋರ್ಟಿನಲ್ಲಿ "ಇಎಫ್ 60, ನಾರ್ಮಲ್" (ಇಎಫ್ ಅಂದರೆ ಹೃದಯ ಹಿಂಡುವ ಪ್ರಮಾಣ) ಅಂತ ಬಂದರೂ ಅಲ್ಲಿಗೆ ಬಿಡಬೇಡಿ, ಈ 410ನ್ನು ತೋರಿಸಿ.

ನಿಮ್ಮ ಮಾತ್ರೆ ಪಟ್ಟಿ ನೋಡಿ ನನಗೆ ಹೆಚ್ಚು ಚಿಂತೆಯಾಗಿದ್ದು ಪಯೋಗ್ಲಿಟಾಜೋನ್. ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಹೃದಯದ ಸೋಲು ಇರುವವರು ತಗೊಳ್ಳಬಾರದು. ಆ್ಯಮ್ಲೋಡಿಪಿನ್ ಕೂಡ ಕಾಲು ಊದಿಸುತ್ತದೆ, ಆದರೆ ಅದರಿಂದ ಉಸಿರು ಕಟ್ಟುವುದಿಲ್ಲ. ಹಾಗಾಗಿ ಕಾಯಬೇಡಿ. ನಾಳೆಯೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, "ಎನ್‌ಟಿ-ಪ್ರೊಬಿಎನ್‌ಪಿ 410 ಇದೆ, ಕಾಲು ಊದಿದೆ, ಪಯೋಗ್ಲಿಟಾಜೋನ್ ಮುಂದುವರಿಸಲಾ?" ಅಂತ ಇದೇ ಮಾತಲ್ಲಿ ಕೇಳಿ. ದಿನಾ ಬೆಳಗ್ಗೆ ಶೌಚಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಅಥವಾ ರಾತ್ರಿ ಮಲಗಿದಾಗ ಉಸಿರಾಡಲಾಗದೆ ಎದ್ದು ಕೂರುವಂತಾದರೆ, ಎಕೋ ದಿನಾಂಕ ಬರಲಿ ಅಂತ ನೋಡದೆ ನೇರ ಎಮರ್ಜೆನ್ಸಿಗೆ ಹೋಗಿ. ಉಪ್ಪಿನಕಾಯಿ, ಹಪ್ಪಳ ಇವತ್ತಿನಿಂದಲೇ ಬಂದ್.